ಲೊರೆಟ್ಟಾಳ ವಿಡಿಯೊ

ಲೊರೆಟ್ಟಾ ಸ್ಪ್ಯಾಂಗ್ಲರ್ ಭಾನುವಾರ ಆಸ್ಪತ್ರೆಯಲ್ಲಿ ತೀರಿಕೊಂಡಳು. ಓಹಿಯೋದ ನಮ್ಮ ಊರಿನ ಎರಡು ತಲೆಮಾರಿನ ಮಕ್ಕಳನ್ನು ಶಾಲೆಗೆ ಬಸ್ಸಿನಲ್ಲಿ ಕರೆದೊಯ್ದವಳು. ಆದರೆ ಜನರಿಗೆ ನೆನಪಿರುವುದು ಒಂದು ವಿಡಿಯೊ ಮಾತ್ರ.

ಗಂಡನನ್ನು ಮಣ್ಣು ಮಾಡಿದ ದಿನ ಅವಳು ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದಿದ್ದಳು. ಅವಳ ತೊದಲು, ಅಳು ಎಲ್ಲವೂ ಪೊಲೀಸಿನವನ ಎದೆಯ ಕ್ಯಾಮೆರಾದಲ್ಲಿ ದಾಖಲಾದವು. ನಮ್ಮ ರಾಜ್ಯದ ಕಾನೂನಿನಲ್ಲಿ ಅಂಥ ದಾಖಲೆಯನ್ನು ಯಾರು ಬೇಕಾದರೂ ಕೇಳಿ ಪಡೆಯಬಹುದು. ಯಾವನೋ ಪಡೆದು, ತಮಾಷೆಯ ಸಂಗೀತ ಸೇರಿಸಿ ಯೂಟ್ಯೂಬಿಗೆ ಹಾಕಿದ. ಅವಳೇ ಬಸ್ ಹತ್ತಿಸಿಕೊಂಡಿದ್ದ ಹುಡುಗರು ಅಂಗಡಿಯಲ್ಲಿ ಅವಳೆದುರೇ ತೊದಲಿ ಅಣಕಿಸಿದರು. ಅವಳು ಚರ್ಚಿಗೂ ಬರುವುದನ್ನು ಬಿಟ್ಟಳು.

ಈ ವರ್ಷ ಅಂಥ ವಿಡಿಯೊಗಳನ್ನು ಸಾರ್ವಜನಿಕರಿಗೆ ಕೊಡದಂತೆ ತಡೆಯುವ ಮಸೂದೆ ಬಂತು. ಅದರ ಪರ ಸಾಕ್ಷಿ ಹೇಳಲು ಶಾಸಕರ ಕಚೇರಿಯವರು ಅವಳನ್ನು ಕರೆದರು.

"ಫೋನಲ್ಲೇ ಆದ್ರೂ ಹೇಳೇ. ನಿನ್ನಷ್ಟು ಅನುಭವಿಸಿದವರು ಯಾರಿದ್ದಾರೆ?" ಅಂದೆ, ಅವಳ ಹಳೆಯ ಗೆಳತಿಯಾದ ನಾನು, ಆಸ್ಪತ್ರೆಯಲ್ಲಿ ಅವಳ ಹಾಸಿಗೆಯ ಪಕ್ಕ ಕೂತು.

"ಪಕ್ಕದ್ಮನೆ ಡಾರ್ನೆಲ್ ತೋಳು ಮುರಿದದ್ದು ಪೊಲೀಸ್ರೇ ಅಂತ ನೀನು ಯಾವಾಗ ನಂಬಿದೆ?"

"ಪೊಲೀಸ್ರ ಎದೆ ಕ್ಯಾಮೆರಾದ ವಿಡಿಯೊ ನೋಡಿದ್ಮೇಲೆ."

"ಹ್ಞೂಂ. ನನ್ನದನ್ನ ಮುಚ್ಚೋ ಬಾಗಿಲು ಅವನದನ್ನೂ ಮುಚ್ಚುತ್ತೆ ಕಣೆ."

ಆಮೇಲೆ ಬಹಳ ಹೊತ್ತು ಅತ್ತಳು. ತನ್ನದೊಂದು ಅಳಿಸಿಹೋಗಲಿ ಎಂಬ ಆಸೆ ಅವಳಿಗೂ ಇತ್ತು. ಅಳಿಸಿಹೋಗಿದ್ದರೆ ಕೊನೆಯ ವರ್ಷಗಳಲ್ಲಾದರೂ ಅವಳು ನಮ್ಮ ಜೊತೆ ಕೂತು ಊಟ ಮಾಡುತ್ತಿದ್ದಳೇನೋ.

ಶನಿವಾರ ನನ್ನ ಕೈಯಿಂದ ಫೋನ್ ತೆಗೆದುಕೊಂಡು ಆ ಕಚೇರಿಗೆ ತಾನೇ ಹೇಳಿದಳು: "ಸಾಕ್ಷಿ ಪಟ್ಟಿಯಿಂದ ನನ್ನ ಹೆಸರು ತೆಗೀರಪ್ಪಾ. ಮಾತಾಡಿದ್ರೆ ನಿಮ್ಮ ವಿರುದ್ಧನೇ ಮಾತಾಡ್ತೀನಿ."