ಯಾಸಿರನ ಬಲಗೈ

ಅಮೆರಿಕದ ಫ್ರೀಮಾಂಟಿನ ಜಬ್ಬಾರ್ ಸಾಹೇಬರ ಮಗ ಯಾಸಿರ್ ಬೇಸ್‌ಬಾಲ್ ಆಡಿ ಸಂಬಳ ತರುತ್ತಿದ್ದ. ದೊಡ್ಡ ತಂಡವೇನಲ್ಲ. ಮೊದಲು ಚೆಂಡು ಎಸೆಯುವವನ ಕೈ ಸೋತಾಗ ಆಟದ ನಡುವೆ ಇವನನ್ನು ಇಳಿಸುತ್ತಿದ್ದರು. ಮೈದಾನದ ಮೂಲೆಯ ಶೆಡ್ಡಿನಲ್ಲಿ ಒಂದು ಫೋನಿತ್ತು. ಅದು ಹೊಡೆದುಕೊಂಡರೆ ಎದ್ದು, ಚೆಂಡೆಸೆದು ಕೈ ಬಿಸಿ ಮಾಡಿಕೊಳ್ಳಬೇಕು. ಎಷ್ಟೋ ಸಲ ಮೂವತ್ತು ಚೆಂಡು ಎಸೆದಾದ ಮೇಲೆ ಬೇಡ, ಕೂತ್ಕೋ ಎನ್ನುತ್ತಿದ್ದರು. ಆ ಎಸೆತಗಳನ್ನು ಯಾರೂ ಎಲ್ಲೂ ಬರೆದುಕೊಳ್ಳುತ್ತಿರಲಿಲ್ಲ.

ತೊಂಬತ್ತೊಂಬತ್ತರ ಬೇಸಿಗೆಗೆ ಅವನಿಗೆ ಇಪ್ಪತ್ತೇಳು. ಜೊತೆಗೆ ಓದಿದವರೆಲ್ಲ ಇಂಟರ್‌ನೆಟ್ ಕಂಪನಿ ಸೇರಿ ಕಾರು ಬದಲಾಯಿಸುತ್ತಿದ್ದರು. ಕಾಲೇಜು ಬಿಟ್ಟ ಇವನಿಗೆ ಎಸೆಯುವುದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಮೇ ತಿಂಗಳಿಂದ ಮೊಣಕೈ ನೋಯುತ್ತಿತ್ತು, ಕಿರುಬೆರಳು ಜೋಮು ಹಿಡಿಯುತ್ತಿತ್ತು. ಹೇಳಿದರೆ ತಂಡದಿಂದ ತೆಗೆಯುತ್ತಾರೆ. ಹೇಳದಿದ್ದರೆ ಕೈಯೇ ಹೋಗುತ್ತದೆ. ಅವನು ಹೇಳಲಿಲ್ಲ.

ಜಬ್ಬಾರ್ ಸಾಹೇಬರು ಮೈಸೂರಿನಲ್ಲಿ ಬಿಸಿಲು ಇಳಿಯುವ ತನಕ ಕ್ರಿಕೆಟ್ ಬೌಲಿಂಗ್ ಮಾಡಿದವರು. ಮಗ ಎರಡು ಓವರಿನಷ್ಟು ಎಸೆದು ಬರುವುದು ಅವರಿಗೆ ಅವಮಾನ. ಒಂದು ದಿನ ತಂಡದ ಮ್ಯಾನೇಜರನ ಕೈ ಕುಲುಕಿ, ನನ್ನ ಮಗನಿಗೆ ದಣಿವೆಂಬುದೇ ಇಲ್ಲ, ದಿನಾ ಇಳಿಸಿ ನೋಡಿ ಎಂದು ಹೇಳಿ ಬಂದರು. ಅಲ್ಲಿಂದ ಮುಂದೆ ದಿನವೂ ಯಾಸಿರನನ್ನೇ ಎಬ್ಬಿಸತೊಡಗಿದರು.

ಶನಿವಾರ ಊಟಕ್ಕೆ ಕೂತಾಗ ಯಾಸಿರ್ ಅನ್ನಕ್ಕೆ ಎಡಗೈ ಹಾಕಿದ. ತಾಯಿ ಅಮೀನಾ ನೋಡಿಬಿಟ್ಟರು.

"ಎಡಗೈಯಲ್ಲಿ ತಿಂತೀಯೇನೋ? ಈ ಊರವರು ಅದನ್ನೂ ಕಲ್ಸಿಬಿಟ್ರಾ?"

ಜಬ್ಬಾರ್ ನಕ್ಕರು. ಯಾಸಿರ್ ಬಲಗೈಯಲ್ಲಿ ತುತ್ತು ತೆಗೆದುಕೊಂಡ. ಮೊಣಕೈ ಅರ್ಧಕ್ಕೇ ನಿಂತಿತು, ತುತ್ತು ತೊಡೆಯ ಮೇಲೆ ಬಿತ್ತು. ಆಮೇಲೆ ಯಾರೂ ನಗಲಿಲ್ಲ. ನಾಳೆ ತಾವೇ ಹೋಗಿ ಮ್ಯಾನೇಜರ್ ಹತ್ತಿರ ಮಾತಾಡುವುದಾಗಿ ಜಬ್ಬಾರ್ ಹೇಳಿದರು.

"ನೀವು ಒಂದ್ಸಲ ಮಾತಾಡಿದ್ದೇ ಸಾಕು, ಅಬ್ಬಾ."

ಅಮೀನಾ ಪಕ್ಕಕ್ಕೆ ಬಂದು ತುತ್ತು ಮಾಡಿ ಬಾಯಿಗಿಟ್ಟರು. ಅವನು ತಲೆ ತಗ್ಗಿಸಿಕೊಂಡು ತಿಂದ.

ಭಾನುವಾರ ನೋವಿನ ಮಾತ್ರೆ ನುಂಗಿ ಮೈದಾನಕ್ಕೆ ಹೋದ. ಫೋನು ಬಂತು, ಎದ್ದ, ಎಸೆದ, ಕೂತ. ಮತ್ತೆ ಬಂತು. ಈ ಸಲ ನಾಲ್ಕನೇ ಚೆಂಡಿಗೆ ಮೊಣಕೈಯೊಳಗೆ ಏನೋ ಹರಿದಂತಾಯಿತು. ಚೆಂಡು ಅರ್ಧ ದಾರಿಯಲ್ಲೇ ಬಿದ್ದು ಉರುಳಿತು. ಎದುರಿಗೆ ಹಿಡಿಯುತ್ತಿದ್ದವನು ಅದನ್ನು ಎತ್ತಿಕೊಂಡು ಹತ್ತಿರ ಬಂದ, ಇವನ ಮುಖ ನೋಡಿದ, ಹೋಗಿ ಫೋನು ಎತ್ತಿದ. ಯಾಸಿರ್ ಬಾಯಿ ಬಿಡುವ ಅಗತ್ಯವೇ ಬೀಳಲಿಲ್ಲ. ಬೇರೊಬ್ಬ ಎದ್ದು ಕೈ ಬಿಸಿ ಮಾಡಿಕೊಳ್ಳತೊಡಗಿದ.

ಆಟ ನೋಡಲು ಬಂದಿದ್ದ ಜಬ್ಬಾರ್ ಮೇಲಿನ ಸೀಟಿನಿಂದ ಇಳಿದು ಬಂದು ಬೇಲಿಯ ಆಚೆ ನಿಂತರು.

"ಮನೆಗೆ ಹೋಗೋಣ್ವಾ, ಬೇಟಾ?"

"ಆಟ ಮುಗಿಯೋವರೆಗೂ ಏಳೋ ಹಾಗಿಲ್ಲ, ಅಬ್ಬಾ."

ಆಟ ಇನ್ನೂ ಒಂದು ಗಂಟೆ ನಡೆಯಿತು. ಯಾಸಿರ್ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದ. ಜಬ್ಬಾರ್ ಬೇಲಿಯ ತಂತಿ ಹಿಡಿದುಕೊಂಡು ಅಲ್ಲೇ ನಿಂತಿದ್ದರು.