ಫಿಡೆಲಿಯಾಳ ಹಿತ್ತಿಲಿನ ಗುಂಡಿ
ಬೆಳಕು ಹರಿಯುವ ಮುನ್ನ ಫಿಡೆಲಿಯಾ ಸುಣ್ಣದ ನೀರಿನಲ್ಲಿ ನೆನೆದ ಮೆಕ್ಕೆಜೋಳ ತೊಳೆದು ಬೀಸಬೇಕು, ಬಾವಿಯಿಂದ ನೀರು ಸೇದಬೇಕು, ಹಂದಿಗೆ ಮೇವು ಹಾಕಬೇಕು, ಗಂಡ ನಿಕಾನೋರ್‌ನ ಬಿಳಿ ಅಂಗಿಗೆ ಇಸ್ತ್ರಿ ಮಾಡಬೇಕು. ಆ ಅಂಗಿ ತೊಟ್ಟು ಅವನು ಪ್ರವಾಸಿಗರಿಗೆ, ಡೈನೋಸಾರ್‌ಗಳ ಕುಲವನ್ನೇ ಅಳಿಸಿದ ಉಲ್ಕೆ ಬಿದ್ದ ಕುಳಿ ತೋರಿಸುತ್ತಾನೆ. ಕುಳಿ ನೆಲದಡಿ ಎಷ್ಟೋ ಆಳದಲ್ಲಿ ಹೂತುಹೋಗಿರುವುದರಿಂದ ತೋರಿಸಲು ಅವನ ಬಳಿ ಇರುವುದು ಎರಡು ಕೈ ಮಾತ್ರ; ಅವನ್ನೇ ಆಡಿಸಿ, ಉಲ್ಕೆ ಬಿದ್ದ ತಮ್ಮ ಯುಕಟಾನ್ ನಾಡನ್ನು ದಿನಾ ಪುಡಿ ಮಾಡುತ್ತಾನೆ. ಡೈನೋಸಾರ್‌ಗಳನ್ನು ಕೊಂದು ಬೆವರಿ ಬಂದವನಿಗೆ ಅವಳು ಕಿತ್ತಳೆ ಪಾನಕ ಕೊಡಬೇಕು. ಒಮ್ಮೆ ಪ್ರವಾಸಿಗರು, ಹಿತ್ತಿಲಿನಲ್ಲಿ ಅವಳು ಕೋಳಿಕಡುಬು ಹೂತು ಬೇಯಿಸುವ ಗುಂಡಿಯನ್ನೇ ಕುಳಿಯೆಂದು ತಿಳಿದು ಫೋಟೊ ತೆಗೆದರು, ನಿಕಾನೋರ್ ಅಲ್ಲವೆನ್ನಲಿಲ್ಲ. ಅಂದಿನಿಂದ ಅದರ ಬೂದಿ ತೆಗೆದು ಅಂಚು ಗುಡಿಸುವುದೂ ಅವಳ ಕೆಲಸವೇ. "ಡೈನೋಸಾರನ್ನ ಇದ್ರಲ್ಲೇ ಬೇಯಿಸಿದ್ರಾ ಅಂತ ಕೇಳ್ಲಿಲ್ವಾ ಅವ್ರು?" ಎನ್ನುತ್ತಾಳೆ. ಸತ್ತವರು ಊಟಕ್ಕೆ ಬರುವ ಹಬ್ಬದ ಬೆಳಿಗ್ಗೆ ಅವನು, "ಬಸ್ ತುಂಬ ಜನ ಬರ್ತಾವ್ರೆ, ಗುಂಡೀಲಿ ಬೆಂಕಿ ಹಾಕ್ಬೇಡ ಕಣೆ. ಸತ್ತೋರು ನಾಳೆ ಉಣ್ಲಿ, ಅವ್ರಿಗೇನ್ ಬಸ್ ತಪ್ಪೋಗುತ್ತಾ?" ಎಂದು ಹೊರಟ. ಆ ಗುಂಡಿಯನ್ನು ಅವಳು ತೋಡಿದ್ದು ಮಗಳು ಸತ್ತ ವರ್ಷ, ಒಬ್ಬಳೇ. ಮಗಳು ಊಟಕ್ಕೆ ಬರುವುದು ವರ್ಷದಲ್ಲಿ ಇದೊಂದೇ ದಿನ. ಬೀದಿಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಫಿಡೆಲಿಯಾ ಗುಂಡಿಯೊಳಗೆ ಸೌದೆ ಜೋಡಿಸಿ ಕಡ್ಡಿ ಗೀರಿದಳು.