ಒದ್ದೆ ಕೂದಲಿಗೆ ಇಸ್ತ್ರಿ

ಅಜ್ಜಂಪುರದಲ್ಲಿ ನಲವತ್ತು ವರ್ಷದಿಂದ ಬಟ್ಟೆ ಹೊಲಿಯುತ್ತಿದ್ದೇನೆ. ನೀರು ಚಿಮುಕಿಸದೆ ಇಸ್ತ್ರಿ ಹಾಕಿದವನಲ್ಲ. ಮೊಮ್ಮಗಳು ಕೂದಲು ನೇರ ಮಾಡುವ ಮೆಷಿನ್ ಹಿಡಿದು ಕನ್ನಡಿ ಮುಂದೆ ನಿಂತಾಗಲೂ ಅದೇ ಬುದ್ಧಿ ಹೇಳಿದೆ.

"ಚೆನ್ನಾಗಿ ಕಾಯ್ಲಿ. ಕೂದ್ಲು ಒದ್ದೆ ಮಾಡ್ಕೊಂಡು ಒತ್ತು ಕಣೇ."

ಚುರ್ ಎಂದಿತು. ಹಣೆಯ ಮೇಲಿನ ಕೂದಲು ಒಂದು ಹಿಡಿ ಕೈಗೇ ಬಂತು. ಇನ್ನು ಮೂರು ದಿನಕ್ಕೆ ಅವಳ ನಿಶ್ಚಿತಾರ್ಥ.

ಮರುದಿನ ಅವಳನ್ನು ಕರೆದುಕೊಂಡು ಬೀರೂರಿಗೆ ಹೋದೆ. ಕೂದಲು ಹಾಳು ಮಾಡದಂಥ ಮೆಷಿನ್ ಕೊಡಿ ಎಂದೆ. ಅಂಗಡಿಯ ಹೆಂಗಸು ಮೊಮ್ಮಗಳ ತಲೆಯ ಮೇಲಿದ್ದ ದುಪಟ್ಟಾ ಸರಿಸಿ ನೋಡಿದಳು.

"ನಿಮ್ದು ತೆಳು ಕೂದ್ಲು. ಶಾಖ ಕಮ್ಮಿ ಮಾಡೋಕೆ ಬರೋ ಮೆಷಿನ್ನೇ ಬೇಕು. ಒದ್ದೆ ಇದ್ದಾಗ ಹಿಡಿದ್ರಾ?"

ಮೊಮ್ಮಗಳು ತಲೆಯಾಡಿಸಿದಳು.

"ಪೂರ್ತಿ ಒಣಗಿರ್ಬೇಕು ಕಣಮ್ಮ. ಒದ್ದೆ ಮಾಡು ಅಂತ ಯಾರು ಹೇಳಿದ್ದು?"

ಮೊಮ್ಮಗಳು ನನ್ನ ಕಡೆ ನೋಡಲೂ ಇಲ್ಲ. ನಾನೇ ಬಾಯಿ ಬಿಟ್ಟೆ.

"ಯಾರೋ ದರ್ಜಿ."

"ಹೋಗಿ ಹೋಗಿ ದರ್ಜಿ ಮಾತು ಕೇಳಿದ್ರಾ ತಾತ? ಬಟ್ಟೆ ಸುಟ್ರೆ ತೇಪೆ ಹಾಕ್ತಾನೆ. ತಲೆಗೆ ಏನ್ ಹಾಕ್ತಾನೆ?"

ಆಕೆ ಆರಿಸಿಕೊಟ್ಟದ್ದನ್ನೇ ಕೊಂಡೆವು. ಬಸ್ ಹತ್ತಿದ ಮೇಲೆ ಮೊಮ್ಮಗಳು ಕೇಳಿದಳು.

"ತಾತ, ಆ ದರ್ಜಿ ನನ್ ರವಿಕೆ ಮುಗಿಸಿದ್ನಾ?"

"ಮುಗಿಸ್ದ. ಇಸ್ತ್ರಿ ಒಂದು ಬಾಕಿ."

"ಅದನ್ನ ನಾನೇ ಹಾಕ್ಕೊತೀನಿ ಅಂತ ಹೇಳು."

ನಲವತ್ತು ವರ್ಷದಲ್ಲಿ ಯಾವ ಗಿರಾಕಿಯೂ ನನಗೆ ಹಾಗೆ ಅಂದಿರಲಿಲ್ಲ.